ಹಳೆಯ ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್: ಹೊಸತು ಹಾಕಿಸಲೇ, ಬ್ಲೂ-ರೇ ಹಾಕಿಸಲೇ, ತೆಗೆದು ಎಸ್‌ಎಸ್‌ಡಿ ಕೂರಿಸಲೇ?

ಕೊಪ್ಪದ_ಮೇಷ್ಟ್ರ_ಮಗ (ಶನಿವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ವಿಷಯ ಅಪ್ಪನ ಲ್ಯಾಪ್‌ಟಾಪಿನದು. 2010ರಲ್ಲಿ ಅವರು ನಿವೃತ್ತರಾದಾಗ ಕೊಡಿಸಿದ್ದು. ಮೊದಲ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಕೀಲಿಮಣೆ, ಪರದೆ ಇಂದಿಗೂ ಗಟ್ಟಿಯಾಗಿವೆ. ಕೈಕೊಟ್ಟಿರುವುದು ಡಿವಿಡಿ ಡ್ರೈವ್. ಡಿಸ್ಕ್ ಹಾಕಿದರೆ ಕೊರ್ ಕೊರ್ ಎಂದು ಎರಡು ನಿಮಿಷ ತಿರುಗಿ ಸುಮ್ಮನಾಗುತ್ತದೆ.

ಬೇರೆಯವರಾಗಿದ್ದರೆ ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಪ್ಪನ ಬಳಿ ಎರಡು ರಟ್ಟಿನ ಪೆಟ್ಟಿಗೆ, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಡಿಸ್ಕುಗಳಿವೆ. ಯಕ್ಷಗಾನದ ವಿಸಿಡಿಗಳು, ತಾಳಮದ್ದಳೆಯ ಎಂಪಿ3 ಸಿಡಿಗಳು, ಶಾಲಾ ವಾರ್ಷಿಕೋತ್ಸವದವು, 2008ರ ಅಕ್ಕನ ಮದುವೆಯ ಡಿವಿಡಿ. ಒಟ್ಟು 180ರ ಹತ್ತಿರ.

ನಾನು ಹಳೆಯ ಡ್ರೈವಿನಂಥದ್ದೇ ಇನ್ನೊಂದನ್ನು ಹಾಕಿಸೋಣ ಎಂದುಕೊಂಡಿದ್ದೆ. ಹೇಗೂ ಬಿಚ್ಚುತ್ತೀಯಲ್ಲ, ಬ್ಲೂ-ರೇ ರೈಟರ್ ಹಾಕಿಸು ಎಂದು ಭಾವ ಹೇಳುತ್ತಾರೆ. ಡ್ರೈವನ್ನೇ ಕಿತ್ತು ಆ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ಬಿಲ್ಲೆಯಿಲ್ಲದ, ವೇಗದ ಡಿಸ್ಕ್) ಕೂರಿಸಿ ಎನ್ನುತ್ತಾನೆ ಅಂಗಡಿಯವನು. ಯಾರ ಮಾತು ಕೇಳಲಿ?

ಗುಜರಿ_ಗುರು

ಯಾರ ಮಾತೂ ಬೇಡ. ಯುಎಸ್‌ಬಿ ಡಿವಿಡಿ ಡ್ರೈವ್ ಕೊಂಡು ಪಕ್ಕದಲ್ಲಿಡಿ. ಹದಿನೈದು ವರ್ಷದ ಲ್ಯಾಪ್‌ಟಾಪಿಗೆ ತಿರುಪುಳಿ ಮುಟ್ಟಿಸುವುದೇ ದಂಡ.

ಎಸ್‌ಪಿ_ರಸ್ತೆ_ಗಿರಾಕಿ

ಬ್ಲೂ-ರೇ ರೈಟರ್ ಬೆಲೆ ಕೇಳಿದ್ದೀರಾ? ಆ ಲ್ಯಾಪ್‌ಟಾಪನ್ನು ಮಾರಿದರೂ ಅಷ್ಟು ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ. ಅಂಗಡಿಯವನು ಹೇಳಿದ್ದು ಅರ್ಧ ಸರಿ, ಆದರೆ ಎಸ್‌ಎಸ್‌ಡಿಯನ್ನು ಡಿವಿಡಿ ಜಾಗಕ್ಕೆ ಹಾಕಬೇಡಿ, ಅಲ್ಲಿ ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿ) ವೇಗ ಕಡಿಮೆ. ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿನ ಜಾಗಕ್ಕೆ, ಹಾರ್ಡ್ ಡಿಸ್ಕ್ ಕ್ಯಾಡಿಯಲ್ಲಿ (ಡಿವಿಡಿ ಡ್ರೈವಿನ ಅಳತೆಯ ಚೌಕಟ್ಟಿನಲ್ಲಿ) ಡಿವಿಡಿ ಜಾಗಕ್ಕೆ.

ತಿರುಪುಳಿ

ಮೇಷ್ಟ್ರ ಮಗನೇ, ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಸಿಡಿಯನ್ನೊಮ್ಮೆ, ಡಿವಿಡಿಯನ್ನೊಮ್ಮೆ ಹಾಕಿ ನೋಡಿ. ಡ್ರೈವಿಗೆ ಕಣ್ಣು ಒಂದೇ ಆದರೂ ಬೆಳಕು ಎರಡು. ಸಿಡಿಗೆ 780 ನ್ಯಾನೋಮೀಟರ್‌ನ ಅವಗೆಂಪು ಲೇಸರ್, ಡಿವಿಡಿಗೆ 650ರ ಕೆಂಪು. ಒಂದು ಬತ್ತಿ ಇನ್ನೊಂದು ಉಳಿಯುವುದುಂಟು. ಎರಡೂ ಓದದಿದ್ದರೆ ಮಸೂರದ ಮೇಲೆ ದೂಳು ಕುಳಿತಿರಬಹುದು, ಮೋಟಾರು ಸೋತಿರಬಹುದು. ಲ್ಯಾಪ್‌ಟಾಪ್ ಡ್ರೈವುಗಳಲ್ಲಿ ಮಸೂರ ಟ್ರೇಯ ಜೊತೆಗೇ ಹೊರಗೆ ಬರುವುದರಿಂದ ಪ್ರತಿ ಸಲ ತೆರೆದಾಗಲೂ ಮನೆಯ ದೂಳನ್ನೆಲ್ಲ ನೆಕ್ಕಿಕೊಂಡು ಒಳಗೆ ಹೋಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ. ಒತ್ತಬೇಡಿ, ಅದು ಕೂದಲೆಳೆಯಷ್ಟು ಸಣ್ಣ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ.

ಗಿರಾಕಿಯವರು ಹೇಳಿದ ವೇಗದ ಮಾತು ಎಲ್ಲ ಲ್ಯಾಪ್‌ಟಾಪಿಗೂ ಹೊಂದುವುದಿಲ್ಲ. ಮೊದಲ ತಲೆಮಾರಿನ ಐ3 ಎಂದರೆ ಸಾಮಾನ್ಯವಾಗಿ ಎಚ್‌ಎಂ55 ಚಿಪ್‌ಸೆಟ್. ಅದರಲ್ಲಿ ಎಲ್ಲ ಸಾಟಾ ದಾರಿಗಳೂ ಸೆಕೆಂಡಿಗೆ 3 ಗಿಗಾಬಿಟ್‌ನವೇ. ಮುಖ್ಯ ಜಾಗಕ್ಕೆ 6, ಡಿವಿಡಿ ಜಾಗಕ್ಕೆ 3 ಎಂಬ ಭೇದ ಬಂದದ್ದು ಅದರ ಮುಂದಿನ ತಲೆಮಾರಿನಲ್ಲಿ. ನನ್ನ ಥಿಂಕ್‌ಪ್ಯಾಡ್ ಟಿ420 ಹಾಗಿದೆ.

ಎಸ್‌ಪಿ_ರಸ್ತೆ_ಗಿರಾಕಿ

ಒಪ್ಪಿದೆ. ನನ್ನ ಅನುಭವವೂ ಎರಡನೆಯ ತಲೆಮಾರಿನದೇ. ಆದರೂ ಎಸ್‌ಎಸ್‌ಡಿ ಮುಖ್ಯ ಜಾಗಕ್ಕೇ ಹೋಗಲಿ. ಡಿವಿಡಿ ಜಾಗದಲ್ಲಿರುವ ಡಿಸ್ಕಿನಿಂದ ಬೂಟ್ ಆಗಲು ಕೆಲವು ಬಯೋಸ್‌ಗಳು (ಲ್ಯಾಪ್‌ಟಾಪನ್ನು ಶುರು ಮಾಡುವ ಮೂಲ ತಂತ್ರಾಂಶ) ಸುತರಾಂ ಒಪ್ಪುವುದಿಲ್ಲ.

ತಿರುಪುಳಿ

ಅದು ಸರಿಯಾದ ಕಾರಣ. ವೇಗ ಕಾರಣವಲ್ಲ ಎಂದಷ್ಟೇ ನಾನು ಹೇಳಿದ್ದು.

ಶಿರಸಿಯ_ಗ್ರಂಥಪಾಲಕಿ

ಎಲ್ಲರೂ ಡ್ರೈವಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಡಿಸ್ಕುಗಳನ್ನು ಯಾರಾದರೂ ನೋಡಿದ್ದೀರಾ? ಕೊಪ್ಪದ ಮಳೆಗಾಲ, ರಟ್ಟಿನ ಪೆಟ್ಟಿಗೆ. ನಮ್ಮಲ್ಲಿ ಪುಸ್ತಕದ ಜೊತೆ ಬಂದ ಸಿಡಿಗಳನ್ನು ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಿಂದ ಬೂಷ್ಟು ಹಬ್ಬಿತ್ತು. ಓದುತ್ತಿಲ್ಲ ಎಂದು ಡ್ರೈವನ್ನೇ ಬದಲಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೊನೆಗೆ ಡಿಸ್ಕುಗಳನ್ನು ತೊಳೆದ ಮೇಲೆ ಹಳೆಯ ಡ್ರೈವೇ ಓದಿತು.

ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ದೋಸೆ ಹುಯ್ದಂತೆ ಸುತ್ತಿಸಬೇಡಿ. ಡಿಸ್ಕಿನಲ್ಲಿ ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಸುತ್ತಿಸಿ ಒರೆಸಿದಾಗ ಗೀರು ಬಿದ್ದರೆ ಒಂದೇ ಜಾಗದ ಸಾಲುಸಾಲು ಮಾಹಿತಿ ಹೋಗುತ್ತದೆ. ಅಡ್ಡ ಗೀರಾದರೆ ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ.

ಗುಜರಿ_ಗುರು

ದೋಸೆಯ ಉಪಮೆ ಚೆನ್ನಾಗಿದೆ ಅಕ್ಕ. ನನ್ನ ಸಲಹೆ ಮಾತ್ರ ಅದೇ. ಯುಎಸ್‌ಬಿ.

ನ್ಯೂಜೆರ್ಸಿಯ_ಬಾಡಿಗೆದಾರ

ಯುಎಸ್‌ಬಿ ಡ್ರೈವ್ ಎಂದರೆ ಅಷ್ಟು ಸುಲಭವಲ್ಲ ಗುರುಗಳೇ. 2010ರ ಲ್ಯಾಪ್‌ಟಾಪಿನಲ್ಲಿ ಇರುವುದು ಯುಎಸ್‌ಬಿ 2.0. ಒಂದು ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗುವಾಗ ಡ್ರೈವ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ನನ್ನ ಹಳೆಯದರಲ್ಲಿ ಟಕ್ ಟಕ್ ಎಂದು ನಿಲ್ಲುತ್ತಿತ್ತು. ಎರಡು ಕಿಂಡಿಗೆ ಚುಚ್ಚುವ ಕವಲು ಕೇಬಲ್ ತಂದ ಮೇಲೆ ಸರಿಹೋಯಿತು.

ಇನ್ನೊಂದು ಸಂಗತಿ. ಇಲ್ಲಿಂದ ಡಿವಿಡಿ ತಂದಿದ್ದರೆ ಪ್ರದೇಶ ಸಂಖ್ಯೆ ನೋಡಿಕೊಳ್ಳಿ. ಅಮೆರಿಕ 1, ಭಾರತ 5. ಡ್ರೈವಿನ ಪ್ರದೇಶವನ್ನು 5 ಸಲ ಮಾತ್ರ ಬದಲಿಸಬಹುದು, ಆಮೇಲೆ ಬೀಗ. ನನ್ನ ತಂಗಿಯ ಮಕ್ಕಳು ಒಂದೇ ಬೇಸಿಗೆ ರಜೆಯಲ್ಲಿ ಐದನ್ನೂ ಮುಗಿಸಿದರು.

ಕೊಪ್ಪದ_ಮೇಷ್ಟ್ರ_ಮಗ (ಭಾನುವಾರ, ಬೆಳಿಗ್ಗೆ 11:05)

ಪರೀಕ್ಷೆ ಮಾಡಿದೆ. ಮಸೂರ ಒರೆಸಿದ ಮೇಲೆ ಸಿಡಿ, ವಿಸಿಡಿ ಓದುತ್ತಿದೆ! ಅಂಗಡಿಯಿಂದ ಕೊಂಡ ಅಚ್ಚಿನ ಡಿವಿಡಿಯೂ ತಡವರಿಸುತ್ತ ಓದಿತು. ಆದರೆ ಬರೆದ ಡಿವಿಡಿಗಳು ಒಂದೂ ಬರುವುದಿಲ್ಲ. ಅಕ್ಕನ ಮದುವೆಯದೂ ಇಲ್ಲ.

ತಪ್ಪೊಪ್ಪಿಗೆಯೊಂದಿದೆ. ನಿಮ್ಮ ಉತ್ತರಗಳನ್ನು ಓದುವ ಮೊದಲೇ ನಿನ್ನೆ ರಾತ್ರಿ ಹೊಸ ಡಿವಿಡಿ ಡ್ರೈವ್ ತರಿಸಲು ಹಣ ಕಟ್ಟಿಬಿಟ್ಟೆ. 'ಎಲ್ಲ ಲ್ಯಾಪ್‌ಟಾಪಿಗೂ ಹೊಂದುತ್ತದೆ' ಎಂದು ಬರೆದಿತ್ತು.

ತಿರುಪುಳಿ

ಎಲ್ಲಕ್ಕೂ ಹೊಂದುವ ಡ್ರೈವ್ ಇನ್ನೂ ಹುಟ್ಟಿಲ್ಲ. ನೀವು ತರಿಸಿದ್ದು 9.5 ಮಿಲಿಮೀಟರ್ ದಪ್ಪದ್ದೋ 12.7ರದ್ದೋ?

ಕೊಪ್ಪದ_ಮೇಷ್ಟ್ರ_ಮಗ

ಪುಟ ನೋಡಿದೆ. 9.5. ಅಪ್ಪನದನ್ನು ಸ್ಕೇಲಿನಲ್ಲಿ ಅಳೆದರೆ 13ಕ್ಕೆ ಸ್ವಲ್ಪ ಕಡಿಮೆ.

ಎಸ್‌ಪಿ_ರಸ್ತೆ_ಗಿರಾಕಿ

ಹೋಯಿತು ಹಣ.

ತಿರುಪುಳಿ

ಗಾಬರಿ ಬೇಡ, ಹಿಂದಿರುಗಿಸಲು ಬರುತ್ತದೆಯೇ ನೋಡಿ. ಕನೆಕ್ಟರ್ ಒಂದೇ ಆದ್ದರಿಂದ 9.5ರದ್ದು 12.7ರ ಜಾಗದಲ್ಲಿ ಕೆಲಸವನ್ನೇನೋ ಮಾಡುತ್ತದೆ, ಆದರೆ ಸಡಿಲವಾಗಿ ಅಲುಗಾಡುತ್ತದೆ, ಬಾಯಿ ಬಿಟ್ಟ ಹಾಗೆ ಸಂದು ಕಾಣುತ್ತದೆ. ಇದಕ್ಕೆ ವಿರುದ್ಧವಾದುದು ಅಸಾಧ್ಯ, ದಪ್ಪದ್ದು ತೆಳು ಜಾಗಕ್ಕೆ ನುಗ್ಗುವುದೇ ಇಲ್ಲ.

ಇನ್ನು ಮುಂದೆ ಓದುವವರಿಗಾಗಿ ಹೇಳಿಬಿಡುತ್ತೇನೆ. ನೋಡಬೇಕಾದದ್ದು ಮೂರು. ದಪ್ಪ ಒಂದು. ಕನೆಕ್ಟರ್ ಇನ್ನೊಂದು: 2007–08ಕ್ಕೂ ಹಿಂದಿನ ಲ್ಯಾಪ್‌ಟಾಪುಗಳಲ್ಲಿ 50 ಪಿನ್ನಿನ ಐಡಿಇ ಎಂಬ ಹಳೆಯ ಬಗೆ ಇರಬಹುದು, ಆಮೇಲಿನವುಗಳಲ್ಲಿ ಸ್ಲಿಮ್ ಸಾಟಾ, ಅಂದರೆ ಮಾಹಿತಿಗೆ 7 ಪಿನ್, ವಿದ್ಯುತ್ತಿಗೆ 6. ಹಾರ್ಡ್ ಡಿಸ್ಕಿನ ಸಾಟಾದಲ್ಲಿ ವಿದ್ಯುತ್ತಿಗೆ 15 ಪಿನ್ ಇರುವುದರಿಂದಲೇ ಕ್ಯಾಡಿ ಬೇಕಾಗುವುದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಮುಂಭಾಗದ ಪ್ಲಾಸ್ಟಿಕ್ ಪಟ್ಟಿ. ಲ್ಯಾಪ್‌ಟಾಪಿನ ಅಂಚು ಬಾಗಿದ್ದರೆ ಪಟ್ಟಿಯೂ ಬಾಗಿರುತ್ತದೆ. ಹೊಸ ಡ್ರೈವಿನ ಜೊತೆ ಬರುವ ನೇರ ಪಟ್ಟಿ ಒಪ್ಪುವುದಿಲ್ಲ, ಹಳೆಯದನ್ನೇ ಕಳಚಿ ಕೂರಿಸಬೇಕು. ಹೊಸದರಲ್ಲಿ ಗುಂಡಿ ಬೇರೆ ಕಡೆ ಇದ್ದರೆ ಹಳೆಯ ಪಟ್ಟಿ ಬರುವುದಿಲ್ಲ. ಆದ್ದರಿಂದ ಹಳೆಯ ಡ್ರೈವಿನ ಮೇಲಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಓದಿ, ಅದನ್ನೇ ಅಥವಾ ಅದೇ ತಯಾರಕರದ್ದನ್ನು ಹುಡುಕಿ.

ಕೊಪ್ಪದ_ಮೇಷ್ಟ್ರ_ಮಗ

ಚೀಟಿ ನೋಡಲು ಹೇಗೆ ತೆಗೆಯುವುದು? ವಿಂಡೋಸ್‌ನಲ್ಲಿ 'ಎಚ್‌ಎಲ್-ಡಿಟಿ-ಎಸ್‌ಟಿ' ಎಂದು ಶುರುವಾಗುವ ಹೆಸರು ತೋರಿಸುತ್ತಿದೆ. ಇದು ಯಾವ ಕಂಪನಿ? ನಕಲಿಯೇ?

ತಿರುಪುಳಿ

ನಕಲಿಯಲ್ಲ, ಅದು ಹಿಟಾಚಿ-ಎಲ್‌ಜಿ ಡೇಟಾ ಸ್ಟೋರೇಜ್‌ನ ಹ್ರಸ್ವರೂಪ. ಎರಡು ಕಂಪನಿಗಳು ಸೇರಿ 2000ದಲ್ಲಿ ಕಟ್ಟಿದ್ದು. ಲ್ಯಾಪ್‌ಟಾಪಿನ ಮೇಲೆ ಯಾರ ಹೆಸರೇ ಇರಲಿ, ಒಳಗಿನ ಡ್ರೈವ್ ಬಹುಪಾಲು ಇವರದ್ದು, ಇಲ್ಲವೇ ತೋಷಿಬಾ-ಸ್ಯಾಮ್‌ಸಂಗ್, ಪ್ಯಾನಸೋನಿಕ್ ಅಥವಾ ಫಿಲಿಪ್ಸ್-ಲೈಟ್‌ಆನ್ ಅವರದ್ದು.

ತೆಗೆಯುವುದು ಸುಲಭ. ಲ್ಯಾಪ್‌ಟಾಪ್ ಆರಿಸಿ, ಬ್ಯಾಟರಿ ಕಳಚಿ, ಮಗುಚಿ. ಡ್ರೈವಿನ ಒಳಅಂಚಿನ ನೇರಕ್ಕೆ ಸಾಮಾನ್ಯವಾಗಿ ಒಂದೇ ಒಂದು ಸ್ಕ್ರೂ ಇರುತ್ತದೆ, ಕೆಲವರು ಅದರ ಪಕ್ಕ ಡಿಸ್ಕಿನ ಚಿತ್ರ ಕೆತ್ತಿರುತ್ತಾರೆ. ಅದನ್ನು ಬಿಚ್ಚಿ ಡ್ರೈವನ್ನು ಹೊರಗೆ ಎಳೆಯಿರಿ. ಹಿಂಬದಿಯಲ್ಲಿ ಸಣ್ಣ ಲೋಹದ ಕೊಕ್ಕೆ ಎರಡು ಸ್ಕ್ರೂಗಳಿಂದ ಕೂತಿರುತ್ತದೆ. ಅದನ್ನು ಹೊಸದಕ್ಕೆ ವರ್ಗಾಯಿಸಿ, ಇಲ್ಲದಿದ್ದರೆ ಡ್ರೈವ್ ನಿಲ್ಲುವುದಿಲ್ಲ. ಪಟ್ಟಿ ಕಳಚಲು ಟ್ರೇ ತೆರೆದಿರಬೇಕು. ಮುಂದಿನ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಕಾಗದದ ಕ್ಲಿಪ್ ಚುಚ್ಚಿದರೆ ಟ್ರೇ ಹೊರಗೆ ಬರುತ್ತದೆ.

ಗುಜರಿ_ಗುರು

ಪಟ್ಟಿಯ ಕೊಂಡಿ ಮುರಿಯುವುದು ಖಚಿತ. ನನ್ನದು ಮುರಿದಿದೆ, ಈಗಲೂ ಅಂಟುಪಟ್ಟಿ ಹಚ್ಚಿದ್ದೇನೆ.

ಎಸ್‌ಪಿ_ರಸ್ತೆ_ಗಿರಾಕಿ

ಮುಟ್ಟಿಸುವುದೇ ದಂಡ ಎಂದವರು ನೀವೇ ಬಿಚ್ಚಿದ್ದಿರಾ?

ಗುಜರಿ_ಗುರು

ಬಿಚ್ಚಿದ್ದರಿಂದಲೇ ಹೇಳುತ್ತಿದ್ದೇನೆ.

ಸ್ಟುಡಿಯೋ_ಶೆಟ್ಟಿ

2008ರ ಮದುವೆ ಡಿವಿಡಿ ಎಂದು ಕಂಡು ಬಂದೆ. ಆ ಕಾಲದಲ್ಲಿ ನಾನೂ ಉಡುಪಿಯ ಕಡೆ ನೂರಾರು ಮದುವೆ ಚಿತ್ರೀಕರಿಸಿದ್ದೇನೆ. ಮಿನಿಡಿವಿ ಟೇಪಿನಲ್ಲಿ ಒಂದು ಗಂಟೆಗೆ 13 ಜಿಬಿ ಆಗುತ್ತಿತ್ತು. ಅದನ್ನು ಹಿಂಡಿ 4.7 ಜಿಬಿಯ ಡಿವಿಡಿಗೆ ತುರುಕುತ್ತಿದ್ದೆವು. ಟೇಪನ್ನು ಆರು ತಿಂಗಳು ಇಟ್ಟುಕೊಂಡು ಮತ್ತೊಂದು ಮದುವೆಗೆ ಬಳಸುತ್ತಿದ್ದೆವು. ಹಾಗಾಗಿ ಸ್ಟುಡಿಯೋದವರನ್ನು ಕೇಳಿ ಪ್ರಯೋಜನವಿಲ್ಲ, ನಿಮ್ಮ ಕೈಯಲ್ಲಿರುವ ಡಿಸ್ಕೇ ಕೊನೆಯದು.

ಒಂದು ಕೇಳುತ್ತೇನೆ. ಡಿಸ್ಕಿನ ಮೇಲೆ ವಧೂವರರ ಫೋಟೋ ಇರುವ ಕಾಗದ ಅಂಟಿಸಿದ್ದಾರೆಯೇ?

ಕೊಪ್ಪದ_ಮೇಷ್ಟ್ರ_ಮಗ

ಹೌದು ಶೆಟ್ಟರೇ. ಅಕ್ಕ ಭಾವ, ಸುತ್ತ ಗುಲಾಬಿ ಹೂವು. ಒಂದು ಮೂಲೆಯಲ್ಲಿ ಎದ್ದಿದೆ.

ಸ್ಟುಡಿಯೋ_ಶೆಟ್ಟಿ

ಆ ಪಾಪ ನಾವೆಲ್ಲರೂ ಮಾಡಿದ್ದು. ಗ್ರಾಹಕರಿಗೆ ಗುಲಾಬಿ ಬೇಕಿತ್ತು. ಕಾಗದ ಸ್ವಲ್ಪ ಓರೆಯಾದರೂ ಡಿಸ್ಕಿನ ತೂಕ ಒಂದು ಕಡೆ ವಾಲಿ, ತೆಳು ಡ್ರೈವುಗಳಲ್ಲಿ ಗಡಗಡ ನಡುಗುತ್ತದೆ. ಹಾಗೆಂದು ಕೀಳಬೇಡಿ! ಸಿಡಿಯಾದರೆ ಕಾಗದದ ಜೊತೆ ಬೆಳ್ಳಿ ಪದರವೇ ಎದ್ದು ಬರುತ್ತದೆ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್‌ಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ, ಆದರೂ ಬಿಲ್ಲೆ ಬಾಗಬಹುದು. ಎದ್ದ ಮೂಲೆಯನ್ನು ಮಾತ್ರ ಅಂಟಿಸಿ, ಕಡಿಮೆ ವೇಗದಲ್ಲಿ ಓದಿಸಿ.

ಶಿರಸಿಯ_ಗ್ರಂಥಪಾಲಕಿ

ಬರೆದ ಡಿಸ್ಕುಗಳಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಪದರದಲ್ಲಿ, ಅಚ್ಚಿನವುಗಳ ಹಾಗೆ ಗುಳಿಗಳಲ್ಲಿ ಅಲ್ಲ. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ. ನಿಮ್ಮ ಡ್ರೈವ್ ಅಚ್ಚಿನದನ್ನು ಓದಿ ಬರೆದದ್ದನ್ನು ಬಿಡುತ್ತಿರುವುದು ಅದಕ್ಕೇ. ಲೇಸರ್ ಕುಂದಿದೆ, ಬಣ್ಣವೂ ಮಾಸಿದೆ. ಮೊದಲು ಪ್ರತಿ ತೆಗೆದುಕೊಳ್ಳಿ, ಆಮೇಲೆ ಮೇಲ್ದರ್ಜೆಗೇರಿಸುವ ಮಾತು.

ಬ್ಲೂ-ರೇ ಬಗ್ಗೆ ಭಾವನವರಿಗೆ ಹೇಳಿ: 25 ಜಿಬಿ ಹಿಡಿಸುತ್ತದೆ ನಿಜ, ಆದರೆ ಖಾಲಿ ಬಿಲ್ಲೆಗಳೇ ಅಪರೂಪವಾಗುತ್ತಿವೆ. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿತು.

ಪೆಂಗ್ವಿನ್_ಪುಟ್ಟ

ಪ್ರತಿ ತೆಗೆಯಲು ಇಷ್ಟೆಲ್ಲ ಏಕೆ? ಲಿನಕ್ಸ್ ಹಾಕಿ, ವಿಸಿಡಿ ತೆರೆದು, ಕಡತಗಳನ್ನು ಎಳೆದು ಬಿಡಿ. ಮುಗಿಯಿತು. ವಿಂಡೋಸ್ 10ರ ಬೆಂಬಲ ಹೇಗೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಆ ಐ3ಯಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ.

ತಿರುಪುಳಿ

ಪುಟ್ಟ, ವಿಸಿಡಿಯನ್ನು ಎಂದಾದರೂ ಲಿನಕ್ಸಿನಲ್ಲಿ ಎಳೆದಿದ್ದೀಯಾ? 'ಓದುವಲ್ಲಿ ದೋಷ' ಎಂದು ನಿಲ್ಲುತ್ತದೆ. ವಿಸಿಡಿಯ ಚಲನಚಿತ್ರ ಭಾಗ ಸಾಮಾನ್ಯ ಕಡತದ ಹಾಗೆ ಬರೆದಿರುವುದಿಲ್ಲ, ಅದರ ಸೆಕ್ಟರಿನ (ಡಿಸ್ಕಿನಲ್ಲಿ ಮಾಹಿತಿ ಬರೆಯುವ ತುಂಡಿನ) ಅಳತೆಯೇ ಬೇರೆ. ಡಿಸ್ಕ್ ಕೆಟ್ಟಿದೆ ಎಂದು ತಿಳಿದು ಎಸೆದವರನ್ನು ನಾನು ಬಲ್ಲೆ. ಅದಕ್ಕೆ ವಿಸಿಡಿಎಕ್ಸ್‌ರಿಪ್ ಎಂಬ ಆಜ್ಞೆ ಇದೆ, ಅದನ್ನು ಬಳಸಬೇಕು. ವಿಂಡೋಸ್‌ನಲ್ಲಾದರೆ 'ಎಂಪಿಇಜಿಎವಿ' ಕಡತಕೋಶದ 'ಡಿಎಟಿ' (.dat) ಕಡತ ನೇರವಾಗಿ ಪ್ರತಿಯಾಗುತ್ತದೆ, ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶದಲ್ಲಿ ಓಡುತ್ತದೆ.

ಪೆಂಗ್ವಿನ್_ಪುಟ್ಟ

ಎಳೆದು ನೋಡಿದೆ. ದೋಷ ಬಂತು. ತಪ್ಪಾಯಿತು ಅಣ್ಣ. 😀 ಆದರೆ ಹಾಳಾದ ಡಿವಿಡಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಿಟ್ಟರೆ ಗತಿಯಿಲ್ಲ, ಇದನ್ನಾದರೂ ಒಪ್ಪಿ. ಮೊದಲು ಸುಲಭವಾಗಿ ಓದುವುದನ್ನೆಲ್ಲ ಎತ್ತಿಕೊಂಡು, ಬಿಟ್ಟುಹೋದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಳ್ಳುತ್ತದೆ. ಅದೇ ನಕ್ಷೆಯೊಡನೆ ಅದೇ ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿದರೆ ತೂತುಗಳನ್ನು ಮಾತ್ರ ತುಂಬುತ್ತ ಹೋಗುತ್ತದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು.

ತಿರುಪುಳಿ

ಇದನ್ನು ಒಪ್ಪಿದೆ. ಅದಕ್ಕೇ ಮೇಷ್ಟ್ರ ಮಗ ಹಳೆಯ ಡ್ರೈವನ್ನು ಗುಜರಿ ಗುರುಗಳಿಗೆ ಕೊಡಬಾರದು. ಸ್ಲಿಮ್ ಸಾಟಾ ಡ್ರೈವನ್ನು ಯುಎಸ್‌ಬಿ ಮಾಡುವ ಡಬ್ಬಿಗಳು ಸಿಗುತ್ತವೆ, ಅದರೊಳಗೆ ಇಡಿ. ಹೊಸ 12.7ರ ಡಿವಿಡಿ ಡ್ರೈವ್ ಲ್ಯಾಪ್‌ಟಾಪಿಗೆ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕಿ, 320 ಜಿಬಿಯದನ್ನು ಇನ್ನೊಂದು ಡಬ್ಬಿಗೆ. ಅಪ್ಪನಿಗೆ ಡಿಸ್ಕ್ ಬೇಕೇಬೇಕು ಎಂದಮೇಲೆ ಕ್ಯಾಡಿಯ ಮಾತು ಬೇಡ.

ಎಸ್‌ಪಿ_ರಸ್ತೆ_ಗಿರಾಕಿ

ಕ್ಯಾಡಿ 500 ರೂಪಾಯಿಗೆ ಕೊಡಿಸುತ್ತೇನೆ ಎಂದು ಹೇಳಲು ಬಂದಿದ್ದೆ. ಆಗಲಿ, ಹೋಗುತ್ತೇನೆ.

ನ್ಯೂಜೆರ್ಸಿಯ_ಬಾಡಿಗೆದಾರ

ವಿಷಯಾಂತರಕ್ಕೆ ಕ್ಷಮಿಸಿ. ತಾಳಮದ್ದಳೆಯ ಎಂಪಿ3ಗಳಲ್ಲಿ ಯಾವ ಯಾವ ಅರ್ಥಧಾರಿಗಳಿದ್ದಾರೆ? ಇಲ್ಲಿ ಹಿಮ ಬೀಳುವಾಗ ಕೇಳಲು ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ.

ನಿರ್ವಾಹಕ

ತಾಳಮದ್ದಳೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಸ್ಟುಡಿಯೋ_ಶೆಟ್ಟಿ

ನಿರ್ವಾಹಕರೇ, ಡಿಸ್ಕಿನಲ್ಲಿ ಏನಿದೆ ಎಂದು ಕೇಳದೆ ಡ್ರೈವ್ ರಿಪೇರಿ ಮಾಡುವುದು ಹೇಗೆ?

ಕೊಪ್ಪದ_ಮೇಷ್ಟ್ರ_ಮಗ (ಮೂರು ವಾರಗಳ ನಂತರ)

ತಡವಾಯಿತು, ಕ್ಷಮಿಸಿ. ಕೆಲಸ ಆಗಿದೆ.

ಅದೇ ತಯಾರಕರ 12.7ರ ಡ್ರೈವ್ ಸಿಕ್ಕಿತು, ಯಾರದೋ ಕಳಚಿದ ಲ್ಯಾಪ್‌ಟಾಪಿನದು. ಪಟ್ಟಿ ಬದಲಿಸುವಾಗ ಗುರುಗಳ ಶಾಪ ತಟ್ಟಿತು, ಕೆಳಗಿನ ಕೊಂಡಿ ಪಟ್ ಎಂದಿತು. ಎರಡೇ ಕೊಂಡಿಗಳ ಮೇಲೆ ನಿಂತಿದೆ. ಹಿಂದಿನ ಕೊಕ್ಕೆ ಹಾಕುವುದನ್ನು ಮರೆತು ಒಮ್ಮೆ ಜೋಡಿಸಿದ್ದೆ. ಗುಂಡಿ ಒತ್ತಿದರೆ ಟ್ರೇಗೆ ಬದಲು ಇಡೀ ಡ್ರೈವೇ ಕೈಗೆ ಬಂತು. ಎಸ್‌ಎಸ್‌ಡಿ ಹಾಕಿದ ಮೇಲೆ ಶುರುವಾಗಲು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷಕ್ಕೆ ಇಳಿದಿದೆ. ನಡುವೆ ವಿಂಡೋಸ್‌ನಲ್ಲಿ ಡ್ರೈವ್ ಮಾಯವಾಯಿತು. ಬಯೋಸ್‌ನಲ್ಲಿ ಕಾಣುತ್ತಿತ್ತು. ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗುಗಳ ಕೋಶ) ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ನಮೂದುಗಳನ್ನು ಅಳಿಸಿ ಮರುಪ್ರಾರಂಭಿಸಿದೆ, ಬಂತು. ಹಳೆಯ ಡಿಸ್ಕ್ ಬರೆಯುವ ತಂತ್ರಾಂಶವೊಂದು ಬಿಟ್ಟುಹೋದ ಕಸವಂತೆ.

ವಿಚಿತ್ರವೆಂದರೆ ಬೂಷ್ಟು ಹಿಡಿದ ವಿಸಿಡಿಗಳನ್ನು ಹೊಸ ಡ್ರೈವಿಗಿಂತ ಡಬ್ಬಿಯೊಳಗಿನ ಹಳೆಯದೇ ಚೆನ್ನಾಗಿ ಓದುತ್ತದೆ. 180ರಲ್ಲಿ 161 ಪೂರ್ತಿ ಬಂದವು. ಒಂಬತ್ತು ಅರ್ಧಂಬರ್ಧ. ಉಳಿದವುಗಳ ಬೆಳ್ಳಿ ಪದರವೇ ಚಕ್ಕೆ ಎದ್ದಿತ್ತು.

ಅಕ್ಕನ ಮದುವೆಯನ್ನು ಪುಟ್ಟ ಹೇಳಿದಂತೆ ಹೊಸ ಡ್ರೈವಿನಲ್ಲಿ ಒಂದು ರಾತ್ರಿ, ಪಕ್ಕದ ಮನೆಯವರ ಯುಎಸ್‌ಬಿ ಡ್ರೈವಿನಲ್ಲಿ ಇನ್ನೊಂದು ರಾತ್ರಿ ಓಡಿಸಿದೆ. ಧಾರೆ, ಸಪ್ತಪದಿ ಎಲ್ಲವೂ ಬಂದವು. ಊಟದ ಪಂಕ್ತಿಯ ನಾಲ್ಕು ನಿಮಿಷ ಹೋಯಿತು. ಭಾವನಿಗೆ ಬೇಸರವಿಲ್ಲ, ಆ ನಾಲ್ಕು ನಿಮಿಷದಲ್ಲಿ ಅವರು ಹೋಳಿಗೆ ಎಣಿಸುತ್ತಿದ್ದರಂತೆ.

ಶಿರಸಿಯ_ಗ್ರಂಥಪಾಲಕಿ

161! ಬಹಳ ಸಂತೋಷ. ಪ್ರತಿ ಎರಡು ಕಡೆ ಇಟ್ಟಿದ್ದೀರಿ ತಾನೇ?

ಕೊಪ್ಪದ_ಮೇಷ್ಟ್ರ_ಮಗ

ಎಸ್‌ಎಸ್‌ಡಿಯಲ್ಲಿ ಒಂದು, ಹಳೆಯ 320 ಜಿಬಿಯಲ್ಲಿ ಒಂದು. ಅಪ್ಪನಿಗಾಗಿ ಪರದೆಯ ಮೇಲೆಯೇ ಕಡತಕೋಶ ಮಾಡಿ ಒಂದರ ಹಿಂದೆ ಒಂದು ತಾನೇ ಓಡುವಂತೆ ಇಟ್ಟೆ. ನಿನ್ನೆ ಸಂಜೆ ನೋಡಿದರೆ ಅವರು ಬಿಸ್ಕತ್ತಿನ ಡಬ್ಬಿಯಿಂದ ವಿಸಿಡಿ ತೆಗೆದು ಟ್ರೇಗೆ ಒತ್ತುತ್ತಿದ್ದಾರೆ. ಏಕೆಂದು ಕೇಳಿದೆ. ಒಂದು ಬಿಲ್ಲೆ ಮುಗಿದಾಗ ಎದ್ದು ಕಾಫಿ ಮಾಡಿಕೊಳ್ಳುತ್ತಾರಂತೆ. ನೀನು ಮಾಡಿಟ್ಟದ್ದು ನಿಲ್ಲುವುದೇ ಇಲ್ಲವಲ್ಲೋ ಎಂದರು.

ಗುಜರಿ_ಗುರು

ಆ 9.5ರ ಡ್ರೈವ್ ಹಿಂದಿರುಗಿಸಿದಿರಾ? ನನ್ನ ಬಳಿ ತೆಳು ಲ್ಯಾಪ್‌ಟಾಪ್ ಒಂದಿದೆ.

ಎಸ್‌ಪಿ_ರಸ್ತೆ_ಗಿರಾಕಿ

ಯುಎಸ್‌ಬಿ ಎಲ್ಲಿ ಹೋಯಿತು ಗುರುಗಳೇ?

ಗುಜರಿ_ಗುರು

ಅಂಚೆ ವೆಚ್ಚ ನಾನೇ ಕೊಡುತ್ತೇನೆ.